ಬೆಂಕಿಯೊಳಗೆ ಗಂಗೆ ಎಷ್ಟು?

ಬ್ಯಾರನ್ ದ್ವೀಪಕ್ಕೆ ಹೋಗಬೇಕೆಂದರೆ ಮೊದಲು ಕಾಯುವುದನ್ನು ಕಲಿಯಬೇಕು. ಪರವಾನಗಿ ಕಾಗದ ಒಂದು ಕಚೇರಿಯಿಂದ ಇನ್ನೊಂದಕ್ಕೆ ಹೋಗಿ ಬರಬೇಕು, ಹಡಗು ಸಿಗಬೇಕು, ಹಡಗಿಗೆ ಡೀಸೆಲ್ ಸಿಗಬೇಕು, ಇಷ್ಟೆಲ್ಲ ಸಿಕ್ಕ ಮೇಲೆ ಕಡಲು ಸುಮ್ಮನಿರಬೇಕು. ನಾವು ಹೊರಟ ವರ್ಷ ಇವೆಲ್ಲ ಕೂಡಿ ಬರುವಷ್ಟರಲ್ಲಿ ಮಾರ್ಚ್ ಮುಗಿದಿತ್ತೋ, ಏಪ್ರಿಲ್ಲೇ ಅರ್ಧ ಆಗಿತ್ತೋ, ಈಗ ಹೇಳಲಾರೆ. ಪೋರ್ಟ್ ಬ್ಲೇರಿನಲ್ಲಿ ನಾವಿಳಿದುಕೊಂಡಿದ್ದ ಕಟ್ಟಡದ ಹಿಂದಿನ ಹಲಸಿನ ಮರದಲ್ಲಿ ಗುಜ್ಜೆ ಬಲಿತು ಕಾಯಾಗುತ್ತಿತ್ತು. ಮಲೆನಾಡಿನವನಿಗೆ ತಿಂಗಳು ಗೊತ್ತಾಗುವುದು ಹಾಗೆ.

ಜೊತೆಗಿದ್ದವರು ನಮ್ಮ ಸರ್. ಹೆಸರು ಬೇಡ, ಹೆಸರು ಅಚ್ಚಾಗುವುದೆಂದರೆ ಅವರಿಗೆ ಮೈಯೆಲ್ಲ ಮುಜುಗರ. ಧಾರವಾಡದ ಕಡೆಯವರು. ಅಹಮದಾಬಾದಿನ ಲ್ಯಾಬಿನಲ್ಲಿ ಅರ್ಧ ಆಯುಷ್ಯ ಕಳೆದರೂ ಅಲ್ಲಿನ ಸಿಹಿ ದಾಲಿಗೆ ನಾಲಿಗೆ ಒಗ್ಗಿಸಿಕೊಳ್ಳಲಿಲ್ಲ. ಎಲ್ಲಿಗೆ ಫೀಲ್ಡಿಗೆ ಹೊರಟರೂ ಒಂದು ತಗಡಿನ ಡಬ್ಬಿ ತುಂಬ ಖಡಕ್ ರೊಟ್ಟಿ, ಇನ್ನೊಂದರಲ್ಲಿ ಶೇಂಗಾ ಹಿಂಡಿ. ನನ್ನ ಬಳಿ ಅಮ್ಮ ಕಟ್ಟಿಕೊಟ್ಟ ಅಪ್ಪೆಮಿಡಿಯ ಭರಣಿ. ಮಧ್ಯಾಹ್ನವಾದರೆ ನಮ್ಮಿಬ್ಬರ ನಡುವೆ ವ್ಯಾಪಾರ ಶುರು. ಒಂದು ರೊಟ್ಟಿಗೆ ಎರಡು ಮಿಡಿ ಎಂದು ದರ ಗೊತ್ತಾಗಿತ್ತು. ಒಂದು ಮಿಡಿ ಸಣ್ಣದಿದ್ದರೆ ತಕರಾರು.

ಕಾಯುವ ದಿನಗಳಲ್ಲಿ ಸರ್ ಸುಮ್ಮನೆ ಕೂರುವ ಆಸಾಮಿ ಅಲ್ಲ. ಬೆಳಿಗ್ಗೆ ಎದ್ದವರೇ ಹ್ಯಾಮರ್ ಹಿಡಿದು ಕಾರ್ಬಿನ್ಸ್ ಕೋವ್ ಕಡೆ ಹೊರಡುತ್ತಿದ್ದರು. ಅಲ್ಲಿ ದಂಡೆಯುದ್ದಕ್ಕೂ ಮರಳುಗಲ್ಲು, ಜೇಡಿಗಲ್ಲು, ಮತ್ತೆ ಮರಳುಗಲ್ಲು, ಪದರದ ಮೇಲೆ ಪದರ ಓರೆಯಾಗಿ ಎದ್ದು ನಿಂತಿವೆ. ಈಜಲು ಬಂದ ಜನ ನಮ್ಮನ್ನು ನೋಡಿ, ಇವರೇನು ದಂಡೆ ಒಡೆಯಲು ಬಂದ ಕಂಟ್ರಾಕ್ಟರೇ ಎಂದುಕೊಂಡಿರಬೇಕು.

"ನೋಡ್ ತಮ್ಮಾ, ಇದು ಕಡಲ ತಳದ ಮಣ್ಣು," ಎಂದರು ಒಂದು ದಿನ, ಒಡೆದ ಚೂರನ್ನು ನನ್ನ ಅಂಗೈಗೆ ಹಾಕಿ. "ಪ್ಲೇಟು ಬಗ್ಗಿ ಒಳಗ ಹೋಗೂ ಮುಂದ ಎಲ್ಲಾನೂ ಒಯ್ಯೂದಿಲ್ಲ. ಮ್ಯಾಲಿಂದು ಕೆರಕೊಂಡು ಇಲ್ಲೇ ಗುಡ್ಡಿ ಬೀಳ್ತದ. ಈ ಊರು ಕುಂತದ್ದು ಅದರ ಮ್ಯಾಲೆ. ಕೆರದು ಉಳಿದದ್ದು ಎಷ್ಟು, ಒಳಗ ಹೋದದ್ದು ಎಷ್ಟು, ಅದನ್ನ ಕೇಳ್ಲಿಕ್ಕೇ ನಾವು ಹೊಂಟದ್ದು."

ಅವರ ಪ್ರಶ್ನೆ ಇಷ್ಟೇ. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ಮುಂದಿನ ಕತೆಗೆ ಉಪ್ಪುಖಾರ ಇರುವುದಿಲ್ಲ.

ಅಂಡಮಾನಿನ ಪಶ್ಚಿಮಕ್ಕೆ ಭಾರತದ ಭೂಫಲಕ, ಅಂದರೆ ಸರ್ ಹೇಳಿದ ಪ್ಲೇಟು, ಬಗ್ಗಿ, ಓರೆಯಾಗಿ, ಪೂರ್ವದ ಪ್ಲೇಟಿನ ಅಡಿಗೆ ಇಳಿಯುತ್ತಿದೆ. ಅದರ ಬೆನ್ನ ಮೇಲೆ ಬಂಗಾಳ ಕೊಲ್ಲಿಯ ಹೂಳಿದೆ. ಗಂಗೆ, ಬ್ರಹ್ಮಪುತ್ರೆ ಹಿಮಾಲಯವನ್ನು ಕೊರೆದು ತಂದು ಸುರಿದದ್ದು. ತಳದಲ್ಲಿ ಹರಡಿಕೊಂಡ ಉದ್ದ ಮೂರು ಸಾವಿರ ಕಿಲೋಮೀಟರಿನಷ್ಟು, ಜಗತ್ತಿನಲ್ಲಿ ಅಂಥ ಇನ್ನೊಂದು ಹೂಳಿಲ್ಲ. ಪ್ಲೇಟು ಸುಮಾರು ನೂರು ಕಿಲೋಮೀಟರ್ ಆಳಕ್ಕೆ ಹೋಗುವ ಹೊತ್ತಿಗೆ ಅದರೊಳಗಿನ ನೀರು ಹಿಂಡಿಕೊಂಡು ಮೇಲಿನ ಮ್ಯಾಂಟಲ್ ಕಲ್ಲಿಗೆ ಸೇರುತ್ತದೆ. ಆ ಕಲ್ಲು ಒಣಗಿದ್ದಾಗ ಕರಗದ ಶಾಖದಲ್ಲಿ, ನೀರು ಸೇರಿದೊಡನೆ ಕರಗಲು ಶುರುಮಾಡುತ್ತದೆ. ಕರಗಿದ್ದು ಮೇಲೆ ಬಂದು ಜ್ವಾಲಾಮುಖಿ. ಪೋರ್ಟ್ ಬ್ಲೇರಿನಿಂದ ಈಶಾನ್ಯಕ್ಕೆ 135 ಕಿಲೋಮೀಟರ್ ದೂರದ ಬ್ಯಾರನ್ ಹುಟ್ಟಿದ್ದು ಹೀಗೆ. 1787ರಲ್ಲಿ ಅದು ಉಗುಳುವುದನ್ನು ಕಂಡು ಬರೆದಿಟ್ಟಿದ್ದಾರೆ. ಹತ್ತೊಂಬತ್ತನೇ ಶತಮಾನದ ಮೊದಲ ಭಾಗದಲ್ಲೇ ಸುಮ್ಮನಾಗಿ, ಒಂದೂವರೆ ಶತಮಾನ ನಿದ್ದೆ ಹೊಡೆದು, 1991ರಲ್ಲಿ ಇದ್ದಕ್ಕಿದ್ದಂತೆ ಎದ್ದಿತು. 1994–95ರಲ್ಲಿ ಮತ್ತೊಮ್ಮೆ. ಆಮೇಲೆ ಒಂದಷ್ಟು ವರ್ಷ ಉಸಿರು ಹಿಡಿದು 2005ರಿಂದ ಆಗಾಗ ಕೆಮ್ಮುತ್ತಲೇ ಇದೆ. ನಾವು ಹೋದದ್ದು ಆ ನಡುವಿನ ಬಿಡುವಿನಲ್ಲಿ.

ಕೊನೆಗೆ ಒಂದು ಸಂಜೆ ಫೀನಿಕ್ಸ್ ಬೇ ಜೆಟ್ಟಿಯಿಂದ ಹೊರಟೆವು. ಹಡಗಿನ ಹೆಸರು ಮರೆತಿದೆ. ಅದರ ಭಂಡಾರಿಯನ್ನು ಮರೆತಿಲ್ಲ. ಹಡಗಿನಲ್ಲಿ ಅಡುಗೆಯವನನ್ನು ಭಂಡಾರಿ ಎನ್ನುತ್ತಾರೆ. ನಮ್ಮ ಭಂಡಾರಿ ಬಂಗಾಳಿ, ಅವರ ಅಪ್ಪ ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದು ಅಂಡಮಾನಿನಲ್ಲಿ ನೆಲೆ ನಿಂತವರು. ಎಲ್ಲರೂ ಅವರನ್ನು ದಾದಾ ಅನ್ನುತ್ತಿದ್ದರು, ಕ್ಯಾಪ್ಟನ್ ಕೂಡ. ಜೀವಮಾನವೆಲ್ಲ ಹಡಗಿನಲ್ಲಿ ಕಳೆದರೂ ಈಜು ಬರುತ್ತಿರಲಿಲ್ಲ. ಕೇಳಿದರೆ, ಈಜು ಬರುವವನು ಮುಳುಗುವ ಹಡಗಿನಲ್ಲಿ ಹೆಚ್ಚು ಹೊತ್ತು ಒದ್ದಾಡುತ್ತಾನೆ ಎಂದು ನಗುತ್ತಿದ್ದರು. ಮೀನಿಗೆ ಉಪ್ಪು ಹಾಕುವ ಮೊದಲು ಒಮ್ಮೆ ಕಿಟಕಿಯಿಂದ ಕಡಲು ನೋಡುವುದು ಅವರ ಅಭ್ಯಾಸ. ಯಾಕೆಂದು ಕೊನೆಗೂ ಹೇಳಲಿಲ್ಲ.

ಸರ್ ಮೀನು ಮುಟ್ಟದವರು. ಅವರಿಗೆಂದು ದಾದಾ ಆ ರಾತ್ರಿ ಮಸೂರ್ ಬೇಳೆಯ ತೆಳು ಸಾರು ಮಾಡಿದರು. ಸಾಸಿವೆ ಎಣ್ಣೆಯ ಘಾಟಿಗೆ ಸರ್ ಮೂಗು ಹಿಡಿದದ್ದು ಕಂಡು ತಮ್ಮ ಟ್ರಂಕಿನಿಂದ ಒಂದು ಪುಟ್ಟ ಡಬ್ಬಿ ತೆಗೆದು ಚಿಟಿಕೆ ಇಂಗು ಉದುರಿಸಿದರು. ಸರ್ ಮುಖ ಅರಳಿತು. ನಾನು ಇಂಜಿನ್ನಿನ ಸದ್ದಿನ ನಡುವೆ ಕೇಳಿದೆ: ಕಲ್ಲಿನಲ್ಲಿ ಇರುವ ಧಾತುಗಳನ್ನು ಅಳೆದರೆ ಸಾಲದೇ, ಐಸೊಟೋಪೇ ಯಾಕೆ ಬೇಕು? ಸರ್ ಸಾರಿನ ಪಾತ್ರೆಯನ್ನೇ ತೋರಿಸಿದರು.

"ಇದನ್ನ ಕುದಿಸಿ ಗಟ್ಟಿ ಮಾಡು, ನೀರು ಹಾಕಿ ತೆಳ್ಳಗ ಮಾಡು, ಬ್ಯಾಳಿ ಸೋಸಿ ತಗಿ. ಉಪ್ಪು ಹೆಚ್ಚು ಕಡಿಮಿ ಆಗ್ತದ, ಖಾರ ಹೆಚ್ಚು ಕಡಿಮಿ ಆಗ್ತದ. ಆದ್ರ ಇಂಗು ಬಿದ್ದದ್ದು ಬಿದ್ದದ್ದ. ಯಾರ ಮನಿ ಇಂಗು ಅಂತ ಮೂಗಿಗೆ ಗೊತ್ತಾಗ್ತದ."

ಇದರ ಹಿಂದಿನ ಲೆಕ್ಕ ಹೀಗೆ. ಮ್ಯಾಗ್ಮಾ ಮೇಲೆ ಬರುತ್ತ ಹರಳುಗಟ್ಟುತ್ತದೆ, ಒಂದು ಧಾತು ಹೆಚ್ಚಾಗುತ್ತದೆ, ಇನ್ನೊಂದು ಕಡಿಮೆಯಾಗುತ್ತದೆ. ಬರೀ ಪ್ರಮಾಣ ನೋಡಿದರೆ ಮೂಲ ಯಾವುದು, ದಾರಿಯಲ್ಲಿ ಆದದ್ದು ಯಾವುದು ಬೇರ್ಪಡಿಸುವುದು ಕಷ್ಟ. ಆದರೆ ಸ್ಟ್ರಾನ್ಷಿಯಂ 87 ಮತ್ತು ಸ್ಟ್ರಾನ್ಷಿಯಂ 86 ಒಂದೇ ಧಾತುವಿನ ಬೇರೆ ಬೇರೆ ತೂಕದ ಐಸೊಟೋಪುಗಳು, ಇವೆರಡರ ಅನುಪಾತ ಕರಗಿದರೂ ಹರಳುಗಟ್ಟಿದರೂ ಅಲುಗುವುದಿಲ್ಲ. ರುಬಿಡಿಯಂ 87 ಕ್ಷಯಿಸಿ ಸ್ಟ್ರಾನ್ಷಿಯಂ 87 ಆಗುತ್ತದೆ, ಅದೂ ಎಷ್ಟು ನಿಧಾನ ಎಂದರೆ ಅರ್ಧಾಯುಷ್ಯ 4,900 ಕೋಟಿ ವರ್ಷದ ಸುಮಾರು. ಹಿಮಾಲಯದ ಕಲ್ಲು ಹಳೆಯದು, ರುಬಿಡಿಯಂ ತುಂಬಿಕೊಂಡದ್ದು. ಹಾಗಾಗಿ ಅದರ ಹೂಳಿನಲ್ಲಿ ಈ ಅನುಪಾತ 0.72 ದಾಟುತ್ತದೆ. ಸಾಗರದ ನಡುವಿನ ಏಣುಗಳಲ್ಲಿ ಮ್ಯಾಂಟಲ್ ನೇರ ಕರಗಿ ಬಂದ ಕಲ್ಲಿನಲ್ಲಿ 0.703ರ ಆಸುಪಾಸು. ಕಡಲ ನೀರಿನಲ್ಲಿ 0.709. ಲಾವಾದ ಸಂಖ್ಯೆ ಇವುಗಳ ನಡುವೆ ಎಲ್ಲಿ ನಿಲ್ಲುತ್ತದೆ ನೋಡಿದರೆ ಯಾರ ಪಾಲು ಎಷ್ಟು ಎಂಬ ಅಂದಾಜು ಸಿಗುತ್ತದೆ.

ದಾದಾಗೆ ಹಿಂದಿಯಲ್ಲಿ ಇಷ್ಟನ್ನೂ ಹೇಳಿದೆವು, ಯಾಕೆಂದರೆ ಅವರು ಸೌಟು ಹಿಡಿದು ನಿಂತೇ ಇದ್ದರು. ಎಲ್ಲ ಕೇಳಿ ಅವರು ಹಿಡಿದುಕೊಂಡದ್ದು ಒಂದೇ ಮಾತು: "ಅಂದರೆ ಗಂಗಾಮಾಯಿ ಕಡಲ ಅಡಿಗೆ ಹೋಗಿ ಈ ಬೆಂಕಿಯೊಳಗಿಂದ ಮೇಲೆ ಬರುತ್ತಾಳೆ?"

ಸರ್ ಅಷ್ಟು ಸುಲಭಕ್ಕೆ ಹೌದು ಅನ್ನುವವರಲ್ಲ. "ಬರ್ತಾಳೋ ಇಲ್ಲೋ ನೋಡೂಣು ಅಂತನ ಹೊಂಟೇವಿ," ಎಂದರು. ದಾದಾ ಮಾತ್ರ ಬರುತ್ತಾಳೆಂದೇ ತೀರ್ಮಾನಿಸಿ, ಮರುದಿನ ಬೆಳಿಗ್ಗೆ ದ್ವೀಪ ಕಂಡೊಡನೆ ಕೈಮುಗಿದರು.

ಬೆಳಗಿನ ಜಾವ ಮೊದಲು ಬಂದದ್ದು ವಾಸನೆ. ಕೆಟ್ಟ ಮೊಟ್ಟೆಯ, ಸುಟ್ಟ ಬೆಂಕಿಕಡ್ಡಿಯ ನಡುವಿನ ಒಂದು ಘಾಟು. ಆಮೇಲೆ ಬೆಳಕು ಹರಿದಂತೆ ದ್ವೀಪ. ಅಡ್ಡಳತೆ ಮೂರು ಕಿಲೋಮೀಟರ್ ಇದ್ದೀತು. ಹೊರಗೆ ಹಳೆಯ ಗೋಡೆ, ಅದರ ಮೇಲೆ ಹಸಿರು. ಒಳಗೆ ನಡುವೆ ಬೋಳು ಬೂದಿಯ ಶಂಕು, ತುದಿಯಲ್ಲಿ ಬಿಳಿ ಹಬೆ. ಪಶ್ಚಿಮದಲ್ಲಿ ಗೋಡೆ ಒಡೆದಿದೆ. ಲಾವಾ ಕಡಲಿಗೆ ಇಳಿದದ್ದೂ ಅಲ್ಲೇ, ನಾವು ರಬ್ಬರ್ ದೋಣಿಯಿಂದ ಇಳಿದದ್ದೂ ಅಲ್ಲೇ.

ಆ ಲಾವಾದ ಮೇಲೆ ನಡೆಯುವುದಿದೆಯಲ್ಲ, ಅದು ಶತ್ರುವಿಗೂ ಬೇಡ. ನಯವಾಗಿ ಹರಿದು ಆರಿದ್ದಲ್ಲ. ಒಡೆದು, ಮುರಿದು, ಮುಳ್ಳುಮುಳ್ಳಾಗಿ ರಾಶಿ ಬಿದ್ದ ಗಟ್ಟಿಗಳು. ಕಾಲಿಟ್ಟ ಕಲ್ಲು ಉರುಳುತ್ತದೆ, ಕೈ ಕೊಟ್ಟ ಕಲ್ಲು ಅಂಗೈ ಕೊಯ್ಯುತ್ತದೆ. ನನ್ನ ಹೊಸ ಬೂಟಿನ ಅಟ್ಟೆ ಮಧ್ಯಾಹ್ನದೊಳಗೆ ಬಾಯಿ ಬಿಟ್ಟಿತು. ಮೇಲೆ ಹಳೇ ಗೋಡೆಯ ಇಳಿಜಾರಿನಲ್ಲಿ ಎರಡು ಮೇಕೆಗಳು ನಿಂತು ನಮ್ಮ ಪಾಡು ನೋಡುತ್ತಿದ್ದವು. ಹಿಂದಿನ ಕಾಲದಲ್ಲಿ ಯಾರೋ ಹಡಗಿನವರು ಬಿಟ್ಟು ಹೋದ ಮೇಕೆಗಳ ಸಂತಾನ. ಬೆಂಕಿ ಎದ್ದಾಗಲೂ ಹೇಗೋ ಬದುಕಿಕೊಂಡವು. ಅವು ಸಮುದ್ರದ ನೀರು ಕುಡಿಯುತ್ತವೆ ಎಂದು ದಾದಾ ಆಣೆ ಮಾಡಿ ಹೇಳುತ್ತಿದ್ದರು. ನಾವು ನೋಡಿದಾಗ ಏನನ್ನೂ ಕುಡಿಯುತ್ತಿರಲಿಲ್ಲ.

ಸರ್ ಕಲ್ಲು ಆರಿಸುವುದನ್ನು ನೋಡಬೇಕಿತ್ತು. ಹೆಣ್ಣು ನೋಡಲು ಹೋದ ಮನೆಯವರೂ ಅಷ್ಟು ಕುಂದು ಹುಡುಕಲಾರರು. ಅಲೆ ತಾಗಿದ್ದು ಬೇಡ, ಅದರ ಸಂದಿನಲ್ಲಿ ಉಪ್ಪು ಕೂತಿರುತ್ತದೆ, ಉಪ್ಪಿನ ಜೊತೆ ಕಡಲಿನ ಸ್ಟ್ರಾನ್ಷಿಯಂ. ಹಬೆ ಹಾಯುವಲ್ಲಿ ಹಳದಿಗಟ್ಟಿದ್ದು ಬೇಡ. ಹೊರಮೈ ಕೆಂಪಾದದ್ದು ಬೇಡ. ದೊಡ್ಡ ಗಟ್ಟಿಯೊಂದನ್ನು ಬಡಿದು ಬಡಿದು, ಹೊರಗಿನದನ್ನೆಲ್ಲ ಉದುರಿಸಿ, ಮುಷ್ಟಿಯಷ್ಟು ಒಳಗಿನ ಕಪ್ಪು ಉಳಿದಾಗ ಲೆನ್ಸ್ ಹಚ್ಚಿ ನೋಡಿದರು. ನನಗೂ ತೋರಿಸಿದರು. ಕಪ್ಪು ಮೈಯಲ್ಲಿ ಬಿಳಿ ಪ್ಲೇಜಿಯೋಕ್ಲೇಸ್ ಹರಳುಗಳು ಒತ್ತೊತ್ತಾಗಿ, ನಡುನಡುವೆ ಎಲ್ಲೋ ಒಂದು ಆಲಿವಿನ್ನಿನ ಹಸಿರು ಕಣ. ಅದನ್ನು 'ಡೈಲಿ ಟೆಲಿಗ್ರಾಮ್ಸ್' ಪತ್ರಿಕೆಯಲ್ಲಿ ಸುತ್ತಿ, ನಂಬರ್ ಬರೆದು, ಬಟ್ಟೆಯ ಚೀಲಕ್ಕೆ ಹಾಕಿದೆವು. ಪೋರ್ಟ್ ಬ್ಲೇರಿನ ಎಷ್ಟು ಸುದ್ದಿಗಳು ಹಾಗೆ ಅಹಮದಾಬಾದಿಗೆ ಪ್ರಯಾಣ ಮಾಡಿದವೋ!

ಸಂಜೆ ಹಡಗು ಹತ್ತಿದ್ದೇ ತಡ, ಎಲ್ಲಿತ್ತೋ ಮಳೆ. ಅಂಡಮಾನಿನ ಮಳೆಗೆ ಮುನ್ಸೂಚನೆ, ಮುಹೂರ್ತ ಇಲ್ಲ. ಡೆಕ್ಕಿನ ಮೇಲೆ ನಮ್ಮ ಚೀಲಗಳು. ಸರ್ ಕ್ಯಾಬಿನ್ನಿಗೆ ಓಡುವ ಬದಲು ಚೀಲಗಳ ಕಡೆ ಓಡಿದರು. ತಾಡಪಾಲು ಎಳೆದು ಮುಚ್ಚಿ, ಅದು ಹಾರದಂತೆ ತಾವೇ ಒಂದು ತುದಿಯ ಮೇಲೆ ಕೂತರು, ನನ್ನನ್ನು ಇನ್ನೊಂದು ತುದಿಗೆ ಕೂರಿಸಿದರು. ಬೇರೆಯವರಾದರೆ ಹಗ್ಗ ಹುಡುಕುತ್ತಿದ್ದರು. ನೀರು ಕಿವಿಯಿಂದ ಇಳಿಯುತ್ತಿದೆ, ಸರ್ ಕತೆ ಶುರು ಮಾಡಿದರು. ಅವರ ಕತೆಗಳಲ್ಲಿ ನನಗೆ ಪೂರ್ತಿ ನೆನಪಿರುವುದು ಇದೊಂದೇ, ಪ್ರಾಯಶಃ ಅಷ್ಟು ನೆನೆದದ್ದರಿಂದ.

ಕಾಸ್ಮಿಕ್ ಕಿರಣಗಳು ಮೇಲಿನ ಗಾಳಿಯಲ್ಲಿ ಆಮ್ಲಜನಕ, ಸಾರಜನಕದ ಪರಮಾಣುಗಳನ್ನು ಒಡೆಯುತ್ತವೆ. ಚೂರಾದವುಗಳಲ್ಲಿ ಬೆರಿಲಿಯಂ 10 ಒಂದು. ಅದು ಮಳೆಯೊಂದಿಗೆ ಇಳಿಯುತ್ತದೆ, ಕಡಲಿಗೆ ಬೀಳುತ್ತದೆ, ತಳದ ಹೂಳಿಗೆ ಅಂಟಿಕೊಳ್ಳುತ್ತದೆ. ಅರ್ಧಾಯುಷ್ಯ ಸುಮಾರು 14 ಲಕ್ಷ ವರ್ಷ. ಅಂದರೆ ಒಂದು ಕೋಟಿ ವರ್ಷ ಕಳೆದರೆ ಹೆಚ್ಚುಕಡಿಮೆ ಏನೂ ಉಳಿಯುವುದಿಲ್ಲ. ಭೂಮಿಯ ಒಳಗಿನ ಕಲ್ಲಿಗೆ ಇದು ಸಿಗುವ ದಾರಿಯೇ ಇಲ್ಲ.

ಇಲ್ಲಿ ಸರ್ ಬೇರೆ ದಾರಿ ಹಿಡಿದರು. ಈ ಬೆರಿಲಿಯಂನ ಕತೆಯಲ್ಲಿ ನಮ್ಮವರ ಪಾಲಿದೆ, ಅದನ್ನು ಹೇಳದೆ ಅವರು ಮುಂದೆ ಹೋಗುವವರಲ್ಲ. 1955ರಲ್ಲಿ ಮುಂಬಯಿಯ ಟಾಟಾ ಸಂಸ್ಥೆಯಲ್ಲಿದ್ದ ಬರ್ನಾರ್ಡ್ ಪೀಟರ್ಸ್ ಗಾಳಿಯಲ್ಲಿ, ನೆಲದ ಮೇಲೆ ಇರಬೇಕಾದ ಈ ವಿಕಿರಣಶೀಲ ಬೆರಿಲಿಯಂ ಬಗ್ಗೆ ಬರೆದ ಲೇಖನ ಅಚ್ಚಾದದ್ದು ಬೆಂಗಳೂರಿನಲ್ಲಿ, ರಾಮನ್ ಕಟ್ಟಿದ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ. ಮರುವರ್ಷವೇ ಟಾಟಾ ಸಂಸ್ಥೆಯ ದೇವೇಂದ್ರ ಲಾಲ್ ಮತ್ತು ಸಂಗಡಿಗರು ಮಳೆನೀರಿನಲ್ಲಿ ಬೆರಿಲಿಯಂನ ಐಸೊಟೋಪುಗಳ ಬಗ್ಗೆ ಬರೆದರು. "ಮಳಿ ಸೋರೂ ಮನಿಯಾಗ ಪಾತ್ರಿ ಇಡ್ತಾರಲ್ಲ, ಇವರು ವಿಜ್ಞಾನಕ್ಕ ಇಟ್ರು," ಎಂದು ಸರ್ ತಲೆಯ ಮೇಲಿನ ನೀರು ಒರೆಸಿಕೊಂಡರು.

ಮತ್ತೆ ದಾರಿಗೆ ಬಂದರು. 1982ರಲ್ಲಿ ಅಮೆರಿಕದ ಲೂಯಿಸ್ ಬ್ರೌನ್, ಫೌದ್ ತೇರಾ ಮತ್ತಿತರರು ದ್ವೀಪಮಾಲೆಯ ಜ್ವಾಲಾಮುಖಿಗಳ ಲಾವಾದಲ್ಲಿ ಈ ಬೆರಿಲಿಯಂ ಹುಡುಕಿದರು. ಅಷ್ಟು ಸೂಕ್ಷ್ಮವನ್ನು ಹಿಡಿಯಲು ಸಾಮಾನ್ಯ ಮಾಸ್ ಸ್ಪೆಕ್ಟ್ರೋಮೀಟರ್ ಸಾಲದು, ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಆಕ್ಸಿಲರೇಟರ್ ಬೇಕಾಯಿತು. ಅಲ್ಯೂಷಿಯನ್ ದ್ವೀಪಗಳ ಲಾವಾದಲ್ಲಿ ಸಿಕ್ಕಿತು. ಮಧ್ಯ ಅಮೆರಿಕದಲ್ಲಿ ಸಿಕ್ಕಿತು, ನಿಕರಾಗುವದಲ್ಲಂತೂ ಧಾರಾಳ. ಹವಾಯಿಯ ಲಾವಾದಲ್ಲಿ ಹೆಸರಿಗೂ ಇಲ್ಲ, ಅಲ್ಲಿ ಯಾವ ಪ್ಲೇಟೂ ಕೆಳಗಿಳಿಯುತ್ತಿಲ್ಲವಲ್ಲ. ಎಂದೋ ಸುರಿದ ಮಳೆ ಹೂಳಿನ ಬೆನ್ನೇರಿ ನೂರು ಕಿಲೋಮೀಟರ್ ಒಳಗೆ ಹೋಗಿ, ಬೆಂಕಿಯಾಗಿ ಮೇಲೆ ಬಂದಿದೆ, ಅದೂ ಬೆರಿಲಿಯಂ ಸಾಯುವುದಕ್ಕೆ ಮುಂಚೆ. ಹೂಳು ಒಳಗೆ ಹೋಗುತ್ತದೋ ಇಲ್ಲವೋ ಎಂಬ ಹಳೇ ಜಗಳ ಅಲ್ಲಿಗೆ ಮುಗಿಯಿತು. ಉಳಿದದ್ದು ಎಷ್ಟು ಎಂಬ ಪ್ರಶ್ನೆ. ನಿಕರಾಗುವದ ಪಕ್ಕದ ಕೋಸ್ಟರಿಕಾದಲ್ಲೇ ಅದು ತೀರ ಕಡಿಮೆ. ಮೇಲಿನ ಹೊಸ ಹೂಳು ಅಲ್ಲಿ ಒಳಗೆ ಇಳಿಯದೆ ದಾರಿಯಲ್ಲೇ ಉಳಿದುಬಿಡುತ್ತದೆ ಎನ್ನುವ ಲೆಕ್ಕ.

"ಅದಕ್ಕ ತಮ್ಮಾ, ಇಂಥಾ ಕಲ್ಲು ಮಳಿಗೆ ಬಿಡಬಾರದು. ಹೊಸಾ ಮಳಿ ಬೆರಿಲಿಯಂ ಅಂಟತದ."

ನಮ್ಮ ಲ್ಯಾಬಿನಲ್ಲಿ ಆಗ ಬೆರಿಲಿಯಂ ಅಳೆಯುವ ಸೌಕರ್ಯವೇ ಇರಲಿಲ್ಲ. ನಾವು ತಂದದ್ದು ಸ್ಟ್ರಾನ್ಷಿಯಂ, ನಿಯೋಡಿಮಿಯಂ ಅಳತೆಗೆ. ಬಹಳ ವರ್ಷದ ಮೇಲೆ ಕೂತು ಲೆಕ್ಕ ಹಾಕಿದೆ: ಒಂದು ಗ್ರಾಂ ಮಳೆನೀರಿನಲ್ಲಿ ಆ ಪರಮಾಣು ಹತ್ತಿಪ್ಪತ್ತು ಸಾವಿರ; ನಿಕರಾಗುವದಂಥ ಲಾವಾದ ಒಂದು ಗ್ರಾಮಿನಲ್ಲಿ ಹತ್ತಾರು ಲಕ್ಷದ ಮೇಲೆ. ಕಾಡುವುದು ವರ್ಷಗಟ್ಟಲೆ ಮಳೆ ತಿಂದು ಸವೆದ ಕಲ್ಲು, ಒಂದು ಸಂಜೆಯ ಮಳೆ ಅಲ್ಲ. ಇದು ಸರ್‌ಗೆ ಗೊತ್ತಿಲ್ಲದ್ದೇನಲ್ಲ. ಅವರು ತಾಡಪಾಲಿನ ಮೇಲೆ ಕೂತದ್ದು ಕತೆ ಹೇಳಲಿಕ್ಕೇ ಇರಬೇಕು. ಆ ರಾತ್ರಿ ದಾದಾ ಕೊಟ್ಟ ಶುಂಠಿ ಚಹಾ ಕುಡಿದರೂ ಇಬ್ಬರಿಗೂ ನೆಗಡಿ ತಪ್ಪಲಿಲ್ಲ. ಕಲ್ಲಿಗೆ ಏನೂ ಆಗಲಿಲ್ಲ.

ಅಹಮದಾಬಾದಿನಲ್ಲಿ ಲೂ ಎಂಬ ಬಿಸಿಗಾಳಿ ಬೀಸುವ ಕಾಲ. ಹೊರಗೆ ರಸ್ತೆಯ ಡಾಂಬರು ಚಪ್ಪಲಿಗೆ ಅಂಟುತ್ತಿದ್ದರೆ ಒಳಗೆ ಕ್ಲೀನ್ ರೂಮಿನಲ್ಲಿ ತಲೆಯಿಂದ ಕಾಲಿನವರೆಗೆ ಬಿಳಿ ಹೊದ್ದು ನಡುಗುತ್ತ ಕೂರುವ ಕೆಲಸ. ಕಲ್ಲನ್ನು ಪುಡಿ ಮಾಡಿ, ತೊಳೆದು, ಚಿಟಿಕೆಯಷ್ಟನ್ನು ಟೆಫ್ಲಾನ್ ಬೀಕರಿಗೆ ಹಾಕಿ ಎಚ್‌ಎಫ್ ಹನಿಸಬೇಕು. ಗಾಜನ್ನೇ ತಿನ್ನುವ ಆಸಿಡ್ ಅದು. ಮೈಗೆ ತಾಗಿದರೆ ಮೂಳೆಯವರೆಗೆ ಇಳಿಯುತ್ತದೆ, ಹಾಗಾಗಿ ಕೈಗೆಟಕುವಲ್ಲಿ ಕ್ಯಾಲ್ಸಿಯಂ ಗ್ಲೂಕೋನೇಟ್ ಜೆಲ್ ಇಟ್ಟುಕೊಂಡೇ ಕೂರುವುದು. ಕರಗಿದ ಕಲ್ಲನ್ನು ರೆಸಿನ್ ತುಂಬಿದ ಕಾಲಮ್ಮಿಗೆ ಸುರಿದು ಹನಿ ಹನಿಯಾಗಿ ಇಳಿಸಿದರೆ ರುಬಿಡಿಯಂ ಮೊದಲು ಹೋಗುತ್ತದೆ, ಸ್ಟ್ರಾನ್ಷಿಯಂ ಆಮೇಲೆ. ಹೊಸಬರಿಗೆ ಸರ್ ಗಡಿಯಾರ ನೋಡಲು ಬಿಡುತ್ತಿರಲಿಲ್ಲ. ಹನಿ ನೋಡು ಅನ್ನುತ್ತಿದ್ದರು.

ಕೊನೆಗೆ ಕಣ್ಣಿಗೆ ಕಾಣದಷ್ಟು ಉಪ್ಪು ಒಂದು ಲೋಹದ ಫಿಲಮೆಂಟಿನ ಮೇಲೆ ಒಣಗುತ್ತದೆ. ಅದನ್ನು ಮಾಸ್ ಸ್ಪೆಕ್ಟ್ರೋಮೀಟರಿನೊಳಗೆ ಕಾಯಿಸುವುದು. ರಾತ್ರಿ ಹೊತ್ತು ವಿದ್ಯುತ್ತು ಏರಿಳಿಯುವುದು ಕಡಿಮೆ ಎಂದು ನಮ್ಮ ರನ್‌ಗಳೆಲ್ಲ ರಾತ್ರಿಯೇ. ಮೊದಲು ಸ್ಟ್ಯಾಂಡರ್ಡ್ ಹಾಕಿ ನೋಡಬೇಕು. ಎನ್‌ಬಿಎಸ್ 987 ಎಂಬ ಆ ಪುಡಿ ಜಗತ್ತಿನ ಯಾವ ಲ್ಯಾಬಿನಲ್ಲಾದರೂ 0.71025 ಬರಬೇಕು. ಬಂದರೆ ಮಿಷನ್ ಸರಿ ಇದೆ ಎಂದರ್ಥ, ಬಾರದಿದ್ದರೆ ಆ ರಾತ್ರಿ ಮುಗಿಯಿತು. ಅಂದು ಬಂತು. ಸರ್ ಹೊರಗಿನ ಕೀಟ್ಲಿಯಿಂದ ಅರ್ಧರ್ಧ ಚಹಾ ತರಿಸಿದರು.

ನಮ್ಮ ಕಲ್ಲು ಹಾಕಿದೆವು. ಪರದೆಯ ಮೇಲೆ ಮೊದಲ ಮೂರು ದಶಾಂಶಗಳು ಬೇಗ ನಿಂತವು, ನಾಲ್ಕನೆಯದಕ್ಕೆ ಕಾಯಬೇಕು, ಐದನೆಯದು ಹೊಯ್ದಾಡುತ್ತ ಹೊಯ್ದಾಡುತ್ತ ಬೆಳಗಾಗುವ ಹೊತ್ತಿಗೆ ಹದಕ್ಕೆ ಬಂತು. 0.704ರ ಆಸುಪಾಸು. ಬ್ಯಾರನ್ ಕಲ್ಲಿನ ಮೇಲೆ ಕೆಲಸ ಮಾಡಿದ ಬೇರೆಯವರಿಗೂ ಅಲ್ಲೇ ಬಂದಿದೆ.

ನನಗೆ ಪಿಚ್ಚೆನಿಸಿತು. ಜಗತ್ತಿನ ಅತಿ ದೊಡ್ಡ ಹೂಳಿನ ರಾಶಿಯ ಪಕ್ಕದಲ್ಲೇ ಕೂತ ಜ್ವಾಲಾಮುಖಿ, ಅದರ ಲಾವಾದಲ್ಲಿ ಹಿಮಾಲಯ ಇಷ್ಟೇ ಇಷ್ಟು! ನನ್ನ ತಲೆಯಲ್ಲೂ ದಾದಾ ಹೇಳಿದ ಗಂಗೆ ಕೂತುಬಿಟ್ಟಿದ್ದಳು. ಸರ್‌ಗೆ ಮಾತ್ರ ಖುಷಿಯೋ ಖುಷಿ. ಮ್ಯಾಂಟಲ್ಲಿನ 0.703ರಿಂದ ಸ್ವಲ್ಪವೇ ಮೇಲೆ ಸರಿದದ್ದು ಕೂಡ ಪೂರಾ ಹೂಳಿನಿಂದ ಎಂದು ಹೇಳಬೇಡ ಎಂದರು. ಕಡಲ ನೀರು ಕುಡಿದ ಹಳೇ ಸಾಗರತಳದ ಕಲ್ಲೂ ಸ್ಟ್ರಾನ್ಷಿಯಂ ಕೊಡುತ್ತದೆ. ಹಾಗಾಗಿ ನಿಯೋಡಿಮಿಯಂ ನೋಡಬೇಕು, ಅದು ನೀರಿನ ಜೊತೆ ಅಷ್ಟು ಸಲೀಸಾಗಿ ಬರುವ ಪೈಕಿ ಅಲ್ಲ, ಅದು ಸರಿದಿದ್ದರೆ ಹೂಳು ತಾನೇ ಬಂದಿದೆ ಎನ್ನಬಹುದು. ನೋಡಿದೆವು. ಅದೂ ಹೆಚ್ಚು ಸರಿದಿರಲಿಲ್ಲ. ನೀರು ಬಂದಿದೆ, ಮಣ್ಣು ಚೂರು.

"ಹಂಗಾದ್ರ ಉಳಿದ ಮಣ್ಣು ಎಲ್ಲದ ಸರ್?" ಎಂದು ಅವರ ಭಾಷೆಯಲ್ಲೇ ಕೇಳಿದೆ.

"ಕಾರ್ಬಿನ್ಸ್ ಕೋವಿನಾಗ ಕೈಯಾಗ ಕೊಟ್ಟಿದ್ನೆಲ್ಲ, ಮರತೀ ಏನು?"

ದಾದಾಗೆ ತಿಳಿಸುತ್ತೇನೆಂದು ಮಾತು ಕೊಟ್ಟಿದ್ದೆ. ಹಿಂದಿಯಲ್ಲಿ ಒಂದು ಇನ್‌ಲ್ಯಾಂಡ್ ಲೆಟರ್ ಬರೆಯಲು ಕೂತೆ. ಹೇಗೆ ಬರೆದರೂ ಬೇಸರದ ಸುದ್ದಿಯಾಗಿಯೇ ಕಾಣುತ್ತಿತ್ತು. ಸರ್ ಬಂದು ತಾವೇ ಹೇಳಿ ಬರೆಸಿದರು: ಗಂಗೆ ಬೆಂಕಿಯೊಳಗೆ ಬಂದಿದ್ದಾಳೆ, ಆದರೆ ಸ್ವಲ್ಪವೇ, ನಿಮ್ಮ ಜಂಗ್ಲಿಘಾಟಿನ ಮನೆ ನಿಂತಿರುವುದೇ ಹಳೇ ಕಡಲ ಹೂಳಿನ ಮೇಲೆ, ಅಡಿಪಾಯ ಗಟ್ಟಿಯಾಗಿ ನೋಡಿಕೊಳ್ಳಿ.

ಉತ್ತರ ಬಂದದ್ದು ಮಳೆಗಾಲ ಮುಗಿದ ಮೇಲೆ, ಯಾರ ಕೈಯಲ್ಲೋ ಬರೆಸಿದ್ದು. ಸ್ವಲ್ಪ ಬಂದರೂ ಬಂದಳಲ್ಲ ಎಂದು ಅವರಿಗೆ ಸಮಾಧಾನ. ಹಡಗು ಬರುವ ತಿಂಗಳು ನಾರ್ಕೊಂಡಂಗೆ ಪೊಲೀಸ್ ಠಾಣೆಯವರಿಗೆ ಅಕ್ಕಿ, ಬೇಳೆ ಒಯ್ಯುತ್ತದೆ, ಅದೂ ಹಳೇ ಜ್ವಾಲಾಮುಖಿಯೇ ಅಂತೆ, ಅಲ್ಲಿಂದ ಒಂದು ಚೀಲ ಕಲ್ಲು ಕಳಿಸಲೇ ಎಂದು ಕೇಳಿದ್ದರು.

"ಬ್ಯಾಡ," ಎಂದರು ಸರ್, ಕಾಗದ ಮಡಿಚಿ ಜೇಬಿಗಿಡುತ್ತ. "ದಂಡಿ ಮ್ಯಾಲೆ ಬಿದ್ದದ್ದನ್ನ ಆರಿಸಿ ಕಳಿಸ್ತಾರ. ನಾವ ಹೋಗೂಣು. ಅಲ್ಲಿ ಕಲ್ಲಿನ ಜಾತಿನ ಬ್ಯಾರೆ, ಆಂಡಿಸೈಟು, ಡೇಸೈಟು. ಅಲ್ಲಿ ಮಣ್ಣಿನ ಪಾಲು ಎಷ್ಟದ ಗೊತ್ತಾಗಬೇಕು."

ಅರ್ಜಿ ಟೈಪ್ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ನಾರ್ಕೊಂಡಂನಲ್ಲಿ, ಬೇರೆಲ್ಲೂ ಇಲ್ಲದ ಹಾರ್ನ್‌ಬಿಲ್ ಹಕ್ಕಿ ಇದೆಯಾದ್ದರಿಂದ ಅರಣ್ಯ ಇಲಾಖೆಗೆ ಎರಡು ಪ್ರತಿ ಹೆಚ್ಚಿಗೆ ಹೊಡೆಯಬೇಕಾಯಿತು.